ಅವ್ವನ ಜಗಲಿ ಮತ್ತು ನಮ್ಮ ವಿಚಾರವಾದ

ದಲಿತ ವಿಮರ್ಶೆಯ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಗೆಳೆಯರು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮವ್ವನ ಜಗಲಿ. ವಿಮರ್ಶೆಗೂ ಜಗಲಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಐತಿ ಅನ್ನುವುದೇ ಈ ಲೇಖನದ ಮಾತು.

ನಮ್ಮ ಕಡೆ ಜಗಲಿ ಅಂದರೆ ಮನೆಯೊಳಗೆ ದೇವರು ಇಡುವ ಕಟ್ಟೆ. ಅವ್ವನ ಜಗಲಿಯ ಮೇಲೆ ಇದ್ದದ್ದು ಒಂದು ತಾಮ್ರದ ಚರಿಗೆ, ಭಂಡಾರದ ಚೀಲ, ಒಂದು ಪಡಲಿಗೆ, ಬನಶಂಕರಿ ಜಾತ್ರೆಯಲ್ಲಿ ತಂದ ದೇವಿಯ ಪಟ. ಅಷ್ಟೇ. 1984ರಲ್ಲಿ, ನನಗೆ ಹತ್ತೊಂಬತ್ತು ವರ್ಷವಿದ್ದಾಗ, ಒಂದು ಅಧ್ಯಯನ ಶಿಬಿರ ಮುಗಿಸಿಕೊಂಡು ಊರಿಗೆ ಬಂದವನೇ ಅವನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಹಳ್ಳಕ್ಕೆ ಎಸೆದು ಬಂದೆ. ದೇವರ ಪಟಗಳನ್ನು ಗಟಾರಕ್ಕೆ ಎಸೆಯಿರಿ ಎಂದು ಬಸವಲಿಂಗಪ್ಪನವರು ಹೇಳಿದ್ದ ಮಾತು ನಮ್ಮ ತಲೆಮಾರಿನ ಕಿವಿಯಲ್ಲಿ ಇನ್ನೂ ಗುಂಯ್‌ಗುಟ್ಟುತ್ತಿದ್ದ ಕಾಲ ಅದು. ನನಗೆ ಗಟಾರ ಸಿಗಲಿಲ್ಲ, ನಮ್ಮ ಕೇರಿಗೆ ಗಟಾರವೇ ಇರಲಿಲ್ಲ. ಹಳ್ಳ ಸಿಕ್ಕಿತು.

ಅವ್ವ ಬೈಯಲಿಲ್ಲ, ಅಳಲಿಲ್ಲ. ಸಂಜೆ ಕೂಲಿಯಿಂದ ಬಂದವಳು ಖಾಲಿ ಜಗಲಿ ನೋಡಿ, ನನ್ನ ಮುಖ ನೋಡಿ, ಕಂದೀಲು ಹಿಡಿದು ಹಳ್ಳಕ್ಕೆ ಹೋದಳು. ಚರಿಗೆ ಸಿಕ್ಕಿತು, ಪಟ ಸಿಗಲಿಲ್ಲ. ಆ ಚರಿಗೆಯನ್ನು ಆಕೆ ಬಾಜೂ ಮನೆಯಲ್ಲಿ ಇಟ್ಟಳು. ಮುಂದೆ ಎರಡು ವರ್ಷ ನಮ್ಮವ್ವನ ದೇವರು ಮತ್ತೊಬ್ಬರ ಮನೆಯಲ್ಲಿ ಬಾಡಿಗೆ ಇಲ್ಲದೆ ಇತ್ತು. ಈ ಸಂಗತಿ ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಅಲ್ಲಿಯತನಕ ನಾನು ಗೆದ್ದೆ ಅಂತಲೇ ತಿಳಿದಿದ್ದೆ. ಗೆಳೆಯರ ಮುಂದೆ ಹೇಳಿಕೊಂಡೂ ಬಂದಿದ್ದೆ.

ದೇವರನ್ನು ನಂಬದವರು ದೇವರನ್ನು ನಂಬುವವರ ಜೊತೆ ಹೆಂಗ ನಡಕೋಬೇಕು? ಇದು ಶಿಷ್ಟಾಚಾರದ ಪ್ರಶ್ನೆ ಅಂತ ಬಹಳ ಜನ ತಿಳಿದಿದ್ದಾರೆ. ಪರಸ್ಪರ ಗೌರವ, ಸಹನೆ, ಅವರವರ ನಂಬಿಕೆ ಅವರವರಿಗೆ ಎಂಬ ಮಾತುಗಳು ಬರುತ್ತವೆ. ನಮ್ಮಂಥವರಿಗೆ ಅದು ಅಷ್ಟು ಸರಳವಿಲ್ಲ. ಮೇಲ್ಜಾತಿಯಲ್ಲಿ ಹುಟ್ಟಿದ ನಾಸ್ತಿಕ ತನ್ನ ಹತ್ತಿರ ಇದ್ದದ್ದನ್ನು ಬಿಡುತ್ತಾನೆ. ಗುಡಿ ಅವನದಾಗಿತ್ತು, ಮಂತ್ರ ಅವನದಾಗಿತ್ತು, ಸಾಕು ಅನಿಸಿತು, ಹೊರಗೆ ಬಂದ. ನಾನು ನಮ್ಮೂರ ಗುಡಿಯ ಒಳಗೆ ಹೋದವನೇ ಅಲ್ಲ. ಬೀದಿಯಿಂದ ಕೈಮುಗಿದು, ತೆಂಗಿನಕಾಯಿ ದೂರದಿಂದ ಇಟ್ಟು, ಎರಚಿದ ತೀರ್ಥಕ್ಕೆ ಕೈಯೊಡ್ಡಿ ಬಂದ ಮಂದಿ ನಾವು. ನನಗೆ ಕೊಡದೇ ಇದ್ದದ್ದನ್ನು ನಾನು ಹೆಂಗ ಬಿಡಲಿ? ನಾನು ಬಿಟ್ಟದ್ದು ಅವ್ವನ ಚರಿಗೆಯನ್ನು. ಊರ ಗುಡಿಯ ಒಂದು ಕಲ್ಲೂ ನನ್ನ ನಾಸ್ತಿಕತೆಯಿಂದ ಅಲುಗಲಿಲ್ಲ.

ಈ ಮಾತನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಬನಶಂಕರಿಯಿಂದ ಕೂಡಲಸಂಗಮ ಬಹಳ ದೂರವೇನಲ್ಲ. ನಾವೆಲ್ಲ ಬಸವಣ್ಣನವರ ಸೀಮೆಯ ಮಂದಿ, ಆ ಅಭಿಮಾನ ನನಗೂ ಇದೆ. ಹನ್ನೆರಡನೇ ಶತಮಾನದ ಶರಣರು ಸ್ಥಾವರವನ್ನು ಎದುರಿಸಿದ ಧೈರ್ಯ ಸಣ್ಣದಲ್ಲ. ಆದರೆ ಅವರ ವಚನಗಳಲ್ಲಿ ಗೇಲಿಗೆ ಸಿಕ್ಕ ದೇವರುಗಳ ಪಟ್ಟಿ ಮಾಡಿದರೆ ಅದರಲ್ಲಿ ಮಾರಿ, ಮಸಣಿ, ಮಣ್ಣಿನ ಮಡಕೆಯ ದೇವರು ಎದ್ದು ಕಾಣುತ್ತಾರೆ. ಇವರೆಲ್ಲ ಯಾರ ಕೇರಿಯವರು? ಕನ್ನಡದಲ್ಲಿ ದೇವರ ಮೇಲಿನ ವಿಮರ್ಶೆ ಶುರುವಾದಾಗಲೇ ಅದರ ಪೆಟ್ಟು ತಳಗಿನ ದೇವತೆಗಳ ಮೇಲೂ ಬಿತ್ತು. ಇದು ಶರಣರ ಮೇಲಿನ ಆರೋಪವಲ್ಲ. ವೈಚಾರಿಕತೆಗೂ ಒಂದು ಇಳಿಜಾರು ಇರುತ್ತದೆ, ಅದು ನೀರಿನ ಹಾಗೆ ತಗ್ಗಿಗೇ ಹರಿಯುತ್ತದೆ ಅನ್ನುವ ಅನುಮಾನ ಅಷ್ಟೇ.

ಎಪ್ಪತ್ತರ ದಶಕದ ವಿಚಾರವಾದಕ್ಕೂ ಈ ಮಾತು ಬೇರೆ ರೀತಿಯಲ್ಲಿ ಹೊಂದುತ್ತದೆ. ಡಾ. ಅಬ್ರಹಾಂ ಕೋವೂರರ ಭಾಷಣಗಳು, ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಮಾಡಿದ ಪವಾಡ ಪರೀಕ್ಷೆಯ ಸಮಿತಿ ನಮಗೆಲ್ಲ ದೊಡ್ಡ ಬಲ ಕೊಟ್ಟವು. ವಿಭೂತಿ ಉದುರಿಸುವವರನ್ನು ನೇರವಾಗಿ ಕೇಳುವ ಎದೆಗಾರಿಕೆ ಅವರಿಂದ ಬಂತು. ಆದರೆ ಆ ವಿಚಾರವಾದದ ಎದುರಾಳಿ ಪವಾಡ ಮಾಡುವವನು. ಕೈಚಳಕ ಬಯಲು ಮಾಡಿದರೆ ಕೆಲಸ ಮುಗಿಯಿತು. ನಮ್ಮವ್ವನ ಚರಿಗೆ ಯಾವ ಪವಾಡವನ್ನೂ ಮಾಡಿರಲಿಲ್ಲ. ಆಕೆಗೆ ಹೊಲ ಕೊಡಿಸಿರಲಿಲ್ಲ, ಸತ್ತ ಎರಡು ಕೂಸುಗಳನ್ನು ಉಳಿಸಿರಲಿಲ್ಲ. ಇದು ಆಕೆಗೆ ನನಗಿಂತ ಚಲೋ ಗೊತ್ತಿತ್ತು. ಏನೂ ಮಾಡದ ದೇವರನ್ನು ಏನಂತ ಬಯಲು ಮಾಡುವುದು? ಪರೀಕ್ಷೆಗೆ ಒಡ್ಡಿದರೆ ಅದು ಮೊದಲೇ ನಪಾಸಾಗಿದ್ದ ದೇವರು. ಆದರೂ ಆಕೆ ದಿನಾ ದೀಪ ಹಚ್ಚತಿದ್ದಳು. ಇಲ್ಲಿ ಏನೋ ಬೇರೆ ನಡೀತಾ ಇದೆ ಅಂತ ನಮಗೆ ಅನುಮಾನ ಬರಬೇಕಿತ್ತು.

ಬರಲಿಲ್ಲ. ಬಂದದ್ದು ಚಂದ್ರಗುತ್ತಿಯ ಆಮೇಲೆ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ವರದಾ ನದಿಯಲ್ಲಿ ಮಿಂದು, ಮೈಮೇಲೆ ಬಟ್ಟೆ ಇಲ್ಲದೆ, ಬೇವಿನ ಸೊಪ್ಪು ಹಿಡಿದು ಗುಡಿಯತನಕ ಹೋಗುವ ಹರಕೆ. ಬರುತ್ತಿದ್ದವರಲ್ಲಿ ಬಹುಪಾಲು ಕೆಳಜಾತಿಯ ಬಡವರು, ಹೆಣ್ಣುಮಕ್ಕಳು. 1986ರ ಮಾರ್ಚ್ ತಿಂಗಳಲ್ಲಿ ದಲಿತ ಸಂಘರ್ಷ ಸಮಿತಿಯವರು ಮತ್ತು ಬೇರೆ ಪ್ರಗತಿಪರ ಸಂಘಟನೆಯವರು ಇದನ್ನು ತಡೆಯಲು ಹೋದರು. ಭಕ್ತರ ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನು, ಪೊಲೀಸರನ್ನು, ಮಹಿಳಾ ಪೊಲೀಸರನ್ನೂ ಬಿಡದೆ ಹೊಡೆದು ಬಟ್ಟೆ ಬಿಚ್ಚಿಸಿದರು. ಸರಕಾರ ಆಮೇಲೆ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಿಷೇಧ ಸರಿಯಾಗಿಯೇ ಇತ್ತು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ನನ್ನ ಓರಗೆಯವರು ಕೆಲವರು ಅಲ್ಲಿಗೆ ಹೋಗಿದ್ದರು. ಆ ದಿನದ ಬಗ್ಗೆ ಅವರು ಇವತ್ತಿಗೂ ಬಾಯಿ ಬಿಡುವುದಿಲ್ಲ. ಒಬ್ಬ ಗೆಳೆಯ ಒಂದೇ ಒಂದು ಮಾತು ಅಂದಿದ್ದ: ‘ನಮ್ಮನ್ನ ಹೊಡದವರು ನಮ್ಮ ಮಂದಿನೇ ಇದ್ರಪಾ.’

ಚಂದ್ರಗುತ್ತಿಯ ಬಗ್ಗೆ ಬಂದ ಬರಹಗಳಲ್ಲಿ ಯು.ಆರ್. ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪ್ರಬಂಧ ಮುಖ್ಯವಾದದ್ದು. ಆಧುನಿಕ ವಿಚಾರವಂತನಿಗೆ ಭಕ್ತನ ಒಳಗನ್ನು ನೋಡುವ ಕಣ್ಣಿಲ್ಲ ಎಂಬ ಆತಂಕ ಅದರಲ್ಲಿದೆ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಹಳ್ಳಿಗಳಲ್ಲಿ ಜನಪದ ಕಲೆಯನ್ನು ನೋಡುತ್ತ ತಿರುಗುವ ಕಲಾವಿದನೊಬ್ಬ ಒಬ್ಬ ರೈತನ ಗುಡಿಸಲಲ್ಲಿ ಕುಂಕುಮ ಹಚ್ಚಿದ ಕಲ್ಲೊಂದನ್ನು ನೋಡುತ್ತಾನೆ. ಫೋಟೋ ತೆಗೆಯಲು ಅದನ್ನು ಬಿಸಿಲಿಗೆ ತರುತ್ತಾನೆ. ಆಮೇಲೆ ಮೈಲಿಗೆ ಮಾಡಿಬಿಟ್ಟೆನೇ ಅಂತ ಅಳುಕುತ್ತಾನೆ. ರೈತ ಚಿಂತೆ ಮಾಡುವುದಿಲ್ಲ. ಯಾವ ಕಲ್ಲಿಗೆ ಕುಂಕುಮ ಇಟ್ಟರೂ ಅದು ದೇವರಾಗುತ್ತದೆ ಎನ್ನುವುದು ಅವನ ನಿಲುವು.

ಈ ಪ್ರಸಂಗ ಚೆಂದವಿದೆ. ನಾನೂ ಮೊದಲ ಸಲ ಓದಿದಾಗ ತಲೆದೂಗಿದ್ದೆ. ಎರಡನೇ ಸಲ ಓದುವಾಗ ಒಂದು ಪ್ರಶ್ನೆ ಎದ್ದಿತು. ಆ ಕಲ್ಲನ್ನು ಬಿಸಿಲಿಗೆ ತಂದವನು ಮಾದಿಗನಾಗಿದ್ದರೆ? ಅವನ ಕೈಯಲ್ಲಿ ಕ್ಯಾಮೆರಾ ಇರದೆ ಹಲಗೆ ಇದ್ದಿದ್ದರೆ? ಆಗಲೂ ಅದೇ ಉತ್ತರ ಬರುತ್ತಿತ್ತೆ? ಬರಲೂಬಹುದು, ಬರದೆಯೂ ಇರಬಹುದು. ಕಲ್ಲಿಗೆ ಮೈಲಿಗೆ ಇಲ್ಲ ಎನ್ನುವ ಉದಾರತೆ ಯಾವ ಕೈ ಮುಟ್ಟಿತು ಎನ್ನುವುದರ ಮೇಲೆ ನಿಂತಿದೆಯೋ ಏನೋ ಎಂದು ಪ್ರಬಂಧ ಕೇಳುವುದಿಲ್ಲ. ಭಕ್ತನ ಒಳಗನ್ನು ನೋಡಬೇಕು, ಒಪ್ಪಿದೆ. ಆದರೆ ಒಳಗು ನೋಡುವ ಉತ್ಸಾಹದಲ್ಲಿ ಬಾಗಿಲಲ್ಲಿ ಯಾರು ನಿಂತಿದ್ದಾರೆ ಅನ್ನುವುದನ್ನು ಮರೆಯಬಾರದು.

ಹಾಗಂತ ನಮ್ಮವರ ಬರಹಗಳು ಭಕ್ತೆಯನ್ನು ಹೆಚ್ಚು ಚಲೋ ನೋಡಿದವು ಅಂತ ಹೇಳಲಾರೆ. ನಮ್ಮ ಆ ಕಾಲದ ಕರಪತ್ರಗಳಲ್ಲಿ, ನಮ್ಮ ಎಷ್ಟೋ ಕವಿತೆಗಳಲ್ಲಿ ಆಕೆ ‘ಮೌಢ್ಯಕ್ಕೆ ಬಲಿಯಾದವಳು’. ಅನಂತಮೂರ್ತಿಯವರ ಚಿಂತನೆಯಲ್ಲಿ ಆಕೆ ಒಂದು ಗೂಢ. ಎರಡೂ ಕಡೆ ಆಕೆ ಮಾತಾಡುವುದಿಲ್ಲ. ವರದೆಯಲ್ಲಿ ಮಿಂದು ನಿಂತ ಹೆಣ್ಣುಮಗಳಿಗೆ ‘ಯವ್ವಾ, ಯಾಕ ಬಂದಿ, ಏನು ಬೇಡಿಕೊಂಡಿದ್ದಿ’ ಅಂತ ಕೇಳಿದವರು ಎಷ್ಟು ಮಂದಿ? ಕೂಸು ಉಳಿಯಲಿಲ್ಲ ಅಂತ ಬಂದಿದ್ದಳೋ, ಮೈಮೇಲೆ ತೊನ್ನು ಎದ್ದಿತ್ತೋ, ಗಂಡ ಬಿಟ್ಟಿದ್ದನೋ. ಬಟ್ಟೆ ಬಿಚ್ಚುವಷ್ಟು ದೊಡ್ಡ ಸಂಕಟ ಯಾವುದು ಅನ್ನುವುದು ನಮಗೆ ಗೊತ್ತಿರಲಿಲ್ಲ, ಬಿಚ್ಚಬಾರದು ಅನ್ನುವುದು ಮಾತ್ರ ಗೊತ್ತಿತ್ತು.

ಇದಕ್ಕೆ ಹೊರತಾದ ಬರಹಗಳೂ ನಮ್ಮಲ್ಲೇ ಇವೆ. ಸಿದ್ಧಲಿಂಗಯ್ಯನವರ ‘ಅವತಾರಗಳು’ ಓದಿದವರಿಗೆ ಗೊತ್ತು. ಹೊಡೀರಿ ಒದೀರಿ ಅಂತ ಬರೆದ ಅದೇ ಕವಿ ಅಲ್ಲಿ ಹಳ್ಳಿಯ ದೇವರುಗಳನ್ನು ನೋಡಿ ನಗುತ್ತಾರೆ. ಆ ನಗುವಿನ ಗುಣ ಬೇರೆ. ಹೊರಗೆ ನಿಂತು ನಕ್ಕದ್ದಲ್ಲ, ಚಾವಡಿಯಲ್ಲಿ ಕುಂತು ಮಂದಿಯ ಜೊತೆಗೆ ನಕ್ಕದ್ದು. ಅಲ್ಲಿಯ ದೇವರುಗಳು ಮುನಿಸಿಕೊಳ್ಳುತ್ತವೆ, ಚೌಕಾಸಿ ಮಾಡುತ್ತವೆ, ಕೇರಿಯ ಮಂದಿಯ ಹಾಗೆಯೇ ಬದುಕುತ್ತವೆ. ನಂಬುವವರೇ ತಮ್ಮ ದೇವರನ್ನು ನೋಡಿ ನಗಬಲ್ಲರು ಅನ್ನುವುದನ್ನು ನಾಸ್ತಿಕರಾದ ನಮಗೆ ತೋರಿಸಿಕೊಟ್ಟ ಪುಸ್ತಕ ಅದು. ಮುಂದೆ ಅವರು ಗ್ರಾಮದೇವತೆಗಳ ಮೇಲೆಯೇ ಸಂಶೋಧನೆ ಮಾಡಿದ್ದು ಆಕಸ್ಮಿಕವಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ (1984) ರಾತ್ರಿ ಜೋತಮ್ಮಗಳು ಕೂಡಿ ಮಾತಾಡುತ್ತವೆ. ಇದು ನಂಬಿಕೆಯೋ ಮೌಢ್ಯವೋ ಅಂತ ಲೇಖಕ ನಿಂತು ವಿವರಿಸುವುದಿಲ್ಲ. ಒಂದು ಕೊಲೆಯ ಸುತ್ತ ಊರು ಬಾಯಿ ಮುಚ್ಚಿಕೊಂಡಾಗ ದೀಪಗಳು ಬಾಯಿ ಬಿಡುತ್ತವೆ. ನಾನು ಹಳ್ಳಕ್ಕೆ ಎಸೆದ ವರ್ಷವೇ ಈ ಪುಸ್ತಕ ಬಂದಿತ್ತು ಅನ್ನುವುದನ್ನು ನೆನೆದರೆ ನನಗೆ ಈಗಲೂ ನಾಚಿಕೆ. ನಾನು ಓದಿದ್ದು ಎಷ್ಟೋ ತಡವಾಗಿ. ಅದರ ಭಾಷೆ ನಮ್ಮ ಬಾಯಿಗೆ ಸಲೀಸಾಗಿ ಹತ್ತುವುದಿಲ್ಲ ಅನ್ನುವುದು ಒಂದು ನೆವ.

ಈ ಎರಡೂ ಪುಸ್ತಕಗಳ ಎದುರು ನಮ್ಮ ವಿಮರ್ಶೆ ಬಡವಾಯಿತು. ಡಿ.ಆರ್. ನಾಗರಾಜರು ತೊಂಬತ್ತರ ದಶಕದಲ್ಲಿ ದಲಿತ ಚಳವಳಿ ತನ್ನ ಸಮುದಾಯದ ಸಾಂಸ್ಕೃತಿಕ ನೆನಪುಗಳನ್ನು ಕಳಕೊಳ್ಳಬಾರದು ಅಂತ ವಾದಿಸಿದಾಗ ನಮ್ಮಲ್ಲಿ ಕೆಲವರು ಅದನ್ನು ಹಿಂದಕ್ಕೆ ಎಳೆಯುವ ಮಾತು ಅಂತಲೇ ತಿಳಿದೆವು. ನಾನೂ ಅವರಲ್ಲಿ ಒಬ್ಬ. ಹೆದರಿಕೆಗೆ ಕಾರಣವೂ ಇತ್ತು. ‘ನಮ್ಮ ಸಂಸ್ಕೃತಿ’ ಎಂಬ ಚೀಲದೊಳಗೆ ಮುತ್ತು ಕಟ್ಟುವುದೂ ಬರುತ್ತದಲ್ಲ, ಅದನ್ನೇನು ಮಾಡುವುದು?

ಈ ಪ್ರಶ್ನೆ ನನಗೆ ಪುಸ್ತಕದ್ದಲ್ಲ, ಮನೆಯದು. ನಮ್ಮ ಚಿಗವ್ವನಿಗೆ ಸಣ್ಣಾಕಿ ಇದ್ದಾಗಲೇ ಎಲ್ಲವ್ವನ ಹೆಸರಿನಲ್ಲಿ ಮುತ್ತು ಕಟ್ಟಿದ್ದರು. ಆಕೆಯ ಬಾಳೇನಾಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬಾಗಲಕೋಟೆ ಬೆಳಗಾವಿ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ 1982ರಲ್ಲೇ ಆಗಿತ್ತು. ಆದರೂ 1987ರ ಸುಮಾರಿಗೆ ಚಿಗವ್ವನ ಮಗಳಿಗೆ, ಒಂಬತ್ತು ವರ್ಷದ ಕೂಸಿಗೆ, ಕೂದಲು ಜಡೆಗಟ್ಟಿತು. ಜಡಿ ಬಂದರೆ ಎಲ್ಲವ್ವ ಕರೆದಳು ಅಂತ ಲೆಕ್ಕ. ಹಿರಿಯರು ಕೂಡಿ ದಿನ ಗೊತ್ತು ಮಾಡಿದರು.

ನಾನು ಕಾಯ್ದೆಯ ಪ್ರತಿ ಹಿಡಿದುಕೊಂಡು ಹೋದೆ. ಪೊಲೀಸರನ್ನು ಕರಸ್ತೀನಿ ಅಂದೆ. ಜಡೆ ಅಂದರೆ ಎಣ್ಣೆ ನೀರು ಕಾಣದ ಕೂದಲು ಅಂತ ಅರ್ಧ ತಾಸು ಭಾಷಣ ಮಾಡಿದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಿರಿಯನೊಬ್ಬ ಹೇಳಿದ: ‘ತಮ್ಮಾ, ಪೊಲೀಸರು ಬಂದು ಹೋಗ್ತಾರ. ಎಲ್ಲವ್ವ ಇಲ್ಲೇ ಇರತಾಳ. ಆಕಿ ಸಿಟ್ಟಾದ್ರ ನೀ ಬರತೀಯೇನು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂಸಿಗೆ ಜ್ವರ ಬಂದರೆ ದವಾಖಾನಿಗೆ ಕರಕೊಂಡು ಹೋಗಲು ನಾನು ಅಲ್ಲಿ ಇರುವವನಲ್ಲ, ಧಾರವಾಡದ ಹಾಸ್ಟೆಲ್ಲಿನಲ್ಲಿ ಇರುವವನು.

ಮರುದಿನ ಅವ್ವ ಹೋದಳು. ಹೊಂಟಾಗ ಒಂದು ಬಾಟಲಿ ಕೊಬ್ಬರಿ ಎಣ್ಣೆ, ಸೀಗೆಪುಡಿ ಕಟ್ಟಿಕೊಂಡಳು. ಅಲ್ಲಿ ಹಿರಿಯರ ಮುಂದೆ ಆಕೆ ಹೇಳಿದ್ದು ಇಷ್ಟು: ‘ರಾತ್ರಿ ನನ್ನ ಕನಸಿನ್ಯಾಗ ಬನಶಂಕರೆವ್ವ ಬಂದಿದ್ಲು. ಈ ಕೂಸು ಹುಟ್ಟಿದ ವರ್ಷ ಬನದ ಹುಣ್ಣಿವಿಗೆ ಹೊಂಡದಾಗ ಬಾಳಿದಿಂಡಿನ ತೆಪ್ಪದ ಮ್ಯಾಲ ಇಟ್ಟು ನನಗ ಒಪ್ಪಿಸೀರಿ. ನನ್ನ ಕೂಸನ್ನ ನನ್ನ ಕೇಳದ ಮತ್ತೊಬ್ಬಾಕಿಗೆ ಹೆಂಗ ಕೊಡತೀರಿ ಅಂತ ಕೇಳಿದ್ಲು.’

ಬನಶಂಕರಿಯ ಹೊಂಡದಲ್ಲಿ, ಹರಿದ್ರಾತೀರ್ಥ ಅಂತ ಅದರ ದೊಡ್ಡ ಹೆಸರು, ಹರಕೆ ಹೊತ್ತವರು ಕೂಸುಗಳನ್ನು ಬಾಳೆದಿಂಡಿನ ತೆಪ್ಪದ ಮೇಲೆ ತೇಲಿಬಿಟ್ಟು ದಡಕ್ಕೆ ತರುವುದು ಆ ಸೀಮೆಯವರಿಗೆಲ್ಲ ಗೊತ್ತು. ಆ ಕೂಸನ್ನೂ ಹಾಗೆ ತೇಲಿಸಿದ್ದು ಖರೆ. ಹಿರಿಯರು ಪೇಚಿಗೆ ಸಿಕ್ಕರು. ಒಬ್ಬ ದೇವಿಗೆ ಒಪ್ಪಿಸಿದ್ದನ್ನು ಇನ್ನೊಬ್ಬಳಿಗೆ ಕೊಡಬಹುದೋ ಬಾರದೋ? ತಂಟೆ ಈಗ ನನ್ನ ಮತ್ತು ಎಲ್ಲವ್ವನ ನಡುವೆ ಇರಲಿಲ್ಲ, ಇಬ್ಬರು ದೇವಿಯರ ನಡುವೆ ಹೋಗಿತ್ತು. ಅವರು ಗೊಣಗುತ್ತ ಕುಂತಾಗ ಅವ್ವ ಕೂಸನ್ನು ಹಿತ್ತಲಕ್ಕೆ ಕರಕೊಂಡು ಹೋಗಿ ತಲೆಗೆ ಎಣ್ಣೆ ಹಚ್ಚಿದಳು. ಎರಡು ದಿನ ಬಿಡಿಸಿ ಬಿಡಿಸಿ ತೊಳೆದಳು. ಬಿಡದೇ ಇದ್ದ ಕೂದಲನ್ನು ಕತ್ತರಿಸಿದಳು. ಗೊತ್ತು ಮಾಡಿದ ದಿನ ಬಂತು, ಹೋಯಿತು. ಆ ಕೂಸು ಮುಂದೆ ಶಾಲೆಗೆ ಹೋದಳು.

ನಾನು ಇಲ್ಲ ಅನ್ನುವ ದೇವಿಯೊಬ್ಬಳ ಮಾತಿನಿಂದ ನನ್ನ ತಂಗಿ ಉಳಿದಳು. ಇದನ್ನು ಏನು ಮಾಡುವುದು? ದೇವಿ ಇದ್ದಾಳೆ ಅಂತ ನಾನು ಇದರಿಂದ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ನಂಬುವವರನ್ನು ನಾನು ತಿಳಿದುಕೊಂಡ ರೀತಿ ತಪ್ಪಿತ್ತು ಅಂತ ಗೊತ್ತಾಯಿತು. ನನ್ನ ತಿಳಿವಳಿಕೆಯಲ್ಲಿ ನಂಬಿಕೆ ಅಂದರೆ ಒಂದು ಗೋಡೆ, ಒಡೆದರೆ ಆಚೆ ಬೆಳಕು. ಅವ್ವನ ನಂಬಿಕೆಯೊಳಗೆ ಹಗೇವು ಇತ್ತು, ಕಿಂಡಿ ಇತ್ತು, ಜಗಳ ಇತ್ತು, ಒಬ್ಬ ದೇವರ ಮೇಲೆ ಇನ್ನೊಬ್ಬರ ಹತ್ತಿರ ಫಿರ್ಯಾದಿ ಹೇಳುವ ದಾರಿ ಇತ್ತು. ಆ ಮನೆಯಲ್ಲಿ ಇರುವವರಿಗೇ ಅದರ ಬಾಗಿಲು ಗೊತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲವಾದರೆ ನನ್ನ ಮಾತನ್ನು ಬೇರೆಯವರು ಬೇರೆ ಕೆಲಸಕ್ಕೆ ಬಳಸುತ್ತಾರೆ. ಅವ್ವನಿಗೆ ಆ ದಿನ ಕನಸು ಬೀಳದೇ ಹೋಗಿದ್ದರೆ? ಆ ಕೂಸನ್ನು ತೆಪ್ಪದಲ್ಲಿ ಇಟ್ಟಿರದೇ ಹೋಗಿದ್ದರೆ? ಆಗ ನಾನು ಪೊಲೀಸರನ್ನು ಕರೆಸಲೇಬೇಕಿತ್ತು. ಸಂಬಂಧ ಕಡಿದುಹೋದರೂ ಕರೆಸಬೇಕಿತ್ತು. ಕೂಸಿನ ಮೈಯ ಪ್ರಶ್ನೆ ಬಂದಾಗ ಯಾರ ಭಾವನೆಗೆ ನೋವಾಗುತ್ತದೆ ಅಂತ ನೋಡುವ ಹಾಗಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ಆದ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆ ಈ ಗೆರೆಯನ್ನು ತಕ್ಕಮಟ್ಟಿಗೆ ಸರಿಯಾಗಿಯೇ ಎಳೆದಿದೆ. ಮೈಗೆ, ಮಾನಕ್ಕೆ ಪೆಟ್ಟು ಕೊಡುವ ಆಚರಣೆಗಳನ್ನು ತಡೆಯುತ್ತದೆ. ಯಾತ್ರೆ, ಪ್ರದಕ್ಷಿಣೆ, ಭಜನೆಯಂಥವನ್ನು ಮುಟ್ಟುವುದಿಲ್ಲ. ಕಾಯ್ದೆ ಬೇಡ, ಬರೀ ಪ್ರೀತಿ ಸಾಕು ಅನ್ನುವವರಿಗೆ ನಮ್ಮ ಚಿಗವ್ವನ ಬಾಳನ್ನು ತೋರಿಸಬಲ್ಲೆ. ಕಾಯ್ದೆಯೊಂದೇ ಸಾಕು ಅನ್ನುವವರಿಗೂ ಉತ್ತರ ಇದೆ. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ದೇವದಾಸಿಯರಾಗಿದ್ದ ಹೆಣ್ಣುಮಕ್ಕಳೇ ‘ಮಾಸ್’ ಎಂಬ ತಮ್ಮ ಸಂಸ್ಥೆ ಕಟ್ಟಿಕೊಂಡು ಮುತ್ತು ಕಟ್ಟುವುದನ್ನು ತಡೆಯಲು ನಿಂತರು. ಪದ್ಧತಿಯನ್ನು ಉಂಡವರೇ ಬಂದು ಬಾಗಿಲಲ್ಲಿ ಕುಂತರೆ ಹಿರಿಯರಿಗೆ ‘ನಿನಗೇನು ಗೊತ್ತು’ ಅನ್ನಲು ಬರುವುದಿಲ್ಲ.

ಅಂಬೇಡ್ಕರರು ಈ ವಿಷಯದಲ್ಲಿ ಹೆಂಗ ನಡಕೊಂಡರು ಅನ್ನುವುದನ್ನು ನಮ್ಮಲ್ಲಿ ಸರಿಯಾಗಿ ಓದಿಲ್ಲ. 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಮುಂದೆ ಸಾವಿರಾರು ಮಂದಿಯನ್ನು ನಿಲ್ಲಿಸಿ ಸತ್ಯಾಗ್ರಹ ಮಾಡಿದರು. ಅವರಿಗೆ ಆ ರಾಮನ ದರ್ಶನ ಬೇಕಿತ್ತೇ? ಇಲ್ಲ. ದಲಿತರು ಮೂರ್ತಿಪೂಜಕರಾಗಲಿ ಅಂತ ತಾನು ಗುಡಿ ಪ್ರವೇಶದ ಹೋರಾಟ ಹೂಡಲಿಲ್ಲ, ತಮ್ಮ ಸ್ಥಿತಿಯ ಅರಿವು ಅವರಿಗೆ ಬರಲಿ ಅಂತ ಹೂಡಿದೆ ಎಂಬರ್ಥದಲ್ಲಿ 1934ರ ಪತ್ರವೊಂದರಲ್ಲಿ ಬರೆದಿದ್ದಾರೆ. ಅಂದರೆ ತಾನು ಬಯಸದ ದೇವರ ಬಾಗಿಲಲ್ಲಿ, ಆ ದೇವರನ್ನು ಬಯಸಿ ಬಂದವರ ಜೊತೆ, ಅವರ ಹಕ್ಕಿಗಾಗಿ ನಿಂತರು. ಸಾಲಿನಲ್ಲಿದ್ದವರಿಗೆ ‘ಒಳಗೆ ಇರುವುದು ಕಲ್ಲು, ಮನೆಗೆ ಹೋಗ್ರಿ’ ಅನ್ನಲಿಲ್ಲ. ಕಲ್ಲು ಅಂತ ಗೊತ್ತಿದ್ದೂ ಬಾಗಿಲು ತೆಗಿ ಅಂದರು. 1956ರಲ್ಲಿ ನಾಗಪುರದಲ್ಲಿ ಇಪ್ಪತ್ತೆರಡು ಪ್ರತಿಜ್ಞೆ ಮಾಡಿಸುವಾಗ ಹಳೆಯ ದೇವರುಗಳನ್ನು ಬಿಡುತ್ತೇನೆ ಅಂತ ಮಂದಿ ತಮ್ಮ ಬಾಯಿಂದಲೇ ಹೇಳಿದರು, ಅವರ ಜಗಲಿಗೆ ಬೇರೆಯವರು ಕೈ ಹಾಕಲಿಲ್ಲ. ಬಿಟ್ಟ ಜಾಗವನ್ನು ಬರಿದಾಗಿಯೂ ಇಡಲಿಲ್ಲ, ಅಲ್ಲಿ ಬುದ್ಧ ಇದ್ದ. ಹತ್ತೊಂಬತ್ತರ ನಾನು ಹಳ್ಳಕ್ಕೆ ಎಸೆದು ಬಂದ ಮೇಲೆ ಅವ್ವನ ಜಗಲಿಯ ಮೇಲೆ ಏನಿಟ್ಟೆ? ಒಂದು ಟೇಬಲ್ ಗಡಿಯಾರ.

‘ನಂಬುವವರು ನಿಮ್ಮನ್ನ ಹೆಂಗ ನಡಸಿಕೊಂಡಾರ, ಅದನ್ನ ಕೇಳ್ರಿ ಮೊದಲ’ ಅಂತ ಕಿರಿಯ ಗೆಳೆಯನೊಬ್ಬ ಈ ಲೇಖನದ ಮೊದಲ ಕರಡು ಓದಿ ಸಿಟ್ಟಾದ. ಅವನ ಸಿಟ್ಟು ನ್ಯಾಯವಾದದ್ದು. ಬೆತ್ತಲೆ ಪೂಜೆಯ ಆ ಪ್ರಬಂಧ ಸಂಗ್ರಹದಲ್ಲಿ ಅನಂತಮೂರ್ತಿ ತಮ್ಮ ಬಾಲ್ಯದ ಪ್ರಸಂಗವೊಂದನ್ನು ಹೇಳಿಕೊಂಡಿದ್ದರು, ದೇವರ ಕಲ್ಲಿನ ಮೇಲೆ ಉಚ್ಚೆ ಹೊಯ್ದು ಏನಾಗುತ್ತದೆ ನೋಡಿದ್ದು. ಅದನ್ನು 2014ರಲ್ಲಿ ಒಂದು ಸಭೆಯಲ್ಲಿ ಎತ್ತಿ ಹೇಳಿದ್ದಕ್ಕೆ ಎಂ.ಎಂ. ಕಲಬುರ್ಗಿಯವರ ಮೇಲೆ ದೊಡ್ಡ ಗದ್ದಲವಾಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಅವರ ಮನೆಬಾಗಿಲಲ್ಲೇ ಗುಂಡು ಹೊಡೆದು ಕೊಂದರು. ಅದಕ್ಕೂ ಮೊದಲು 2013ರಲ್ಲಿ ಪುಣೆಯಲ್ಲಿ ದಾಭೋಲ್ಕರ್, 2015ರಲ್ಲೇ ಪಾನ್ಸರೆ. 2017ರಲ್ಲಿ ಗೌರಿ. ಇಂಥ ಹೊತ್ತಿನಲ್ಲಿ ನಂಬುವವರ ಜೊತೆ ಮೆತ್ತಗೆ ನಡಕೊಳ್ಳಿ ಅನ್ನುವುದು ಹೇಡಿತನದ ಹಾಗೆ ಕೇಳಿಸಬಹುದು.

ನಾನು ಅವನಿಗೆ ಹೇಳಿದ್ದು ಇಷ್ಟು. ನಮ್ಮವ್ವನ ಚರಿಗೆಯ ಮುಂದೆ ಪಿಸ್ತೂಲು ಇರಲಿಲ್ಲ. ಆಕೆಯ ದೇವಿಯ ಹೆಸರಿನಲ್ಲಿ ಯಾರಾದರೂ ಪಿಸ್ತೂಲು ಹಿಡಿದರೆ ಅವರು ಆಕೆಯನ್ನು ಕೇಳಿ ಹಿಡಿಯುವುದಿಲ್ಲ. ಧರ್ಮದ ಗುತ್ತಿಗೆ ಹಿಡಿದವರ ಜೊತೆ ನಮ್ಮ ಜಗಳದಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಬಾರದು. ಆದರೆ ಅವ್ವನನ್ನು ನಾವು ದಡ್ಡಿ ಅಂತ ಬಿಟ್ಟುಬಂದರೆ ಆಕೆಯನ್ನು ‘ನಮ್ಮಾಕಿ’ ಅನ್ನಲು ಅವರು ಬಾಗಿಲಲ್ಲೇ ನಿಂತಿದ್ದಾರೆ. ನಮ್ಮೂರ ಗುಡಿಯಲ್ಲಿ ಆಕೆಯನ್ನು ದೂರ ನಿಲ್ಲಿಸಿದವರೇ ಈಗ ಆಕೆಯ ಕೇರಿಗೆ ಬಂದು ಬಾವುಟ ಕಟ್ಟುತ್ತಾರೆ. ನಮ್ಮ ಹುಡುಗರು ಬಾವುಟ ಹಿಡಿದು ಹೊಂಟರೆ ಅದರಲ್ಲಿ ನಮ್ಮ ಪಾಲೂ ಇದೆ. ಗೆಳೆಯ ಒಪ್ಪಿದ ಅಂತ ಹೇಳಲಾರೆ.

ನಂಬುವವರನ್ನು ಗೌರವಿಸುವುದು ಅಂದರೆ ಅವರ ಮುಂದೆ ಸುಳ್ಳು ಕೈಮುಗಿಯುವುದಲ್ಲ ಅಂತಲೂ ನಾನು ತಿಳಿದಿದ್ದೇನೆ. ನಮ್ಮ ಕೆಲವು ನಾಯಕರು ಚುನಾವಣೆ ಬಂದಾಗ ಕುಂಕುಮ ಹಚ್ಚಿಕೊಂಡು ಗುಡಿ ಸುತ್ತುತ್ತಾರೆ, ಆಮೇಲೆ ವಿಚಾರಸಂಕಿರಣಕ್ಕೆ ಬಂದು ಪುರೋಹಿತಶಾಹಿಯ ಬಗ್ಗೆ ಮಾತಾಡುತ್ತಾರೆ. ಅವ್ವನಂಥವರಿಗೆ ಇದು ಕಾಣದೇ ಇರುವುದಿಲ್ಲ. ನಾನು ಪ್ರತಿ ವರ್ಷ ಬನದ ಹುಣ್ಣಿಮೆಗೆ ಆಕೆಯನ್ನು ಬಾದಾಮಿಯಿಂದ ಬನಶಂಕರಿಗೆ ಕರಕೊಂಡು ಹೋಗುತ್ತೇನೆ. ಆಕೆ ಒಳಗೆ ಹೋಗುತ್ತಾಳೆ, ನಾನು ಹೊಂಡದ ಕಟ್ಟೆಯ ಮೇಲೆ ಕೂಡುತ್ತೇನೆ. ಬಾ ಅಂತ ಆಕೆ ಕರೆಯುವುದಿಲ್ಲ. ಬರೂದಿಲ್ಲ ಅಂತ ನಾನು ಹೇಳುವುದಿಲ್ಲ. ಆಕೆಗೆ ಆ ಜಾತ್ರೆ ಯಾಕೆ ಇಷ್ಟ ಅಂತ ಒಮ್ಮೆ ಕೇಳಿದ್ದೆ. ನಾಟಕದ ಕಂಪನಿ, ಬಳೆ ಅಂಗಡಿ ಅಂತ ಹೇಳಬಹುದು ಅಂದುಕೊಂಡಿದ್ದೆ. ‘ಅಷ್ಟು ಮಂದ್ಯಾಗ ಯಾರ ಮಗಳು, ಯಾವ ಓಣಿ ಅಂತ ಯಾರೂ ಕೇಳೂದಿಲ್ಲಪಾ’ ಅಂದಳು. ದೇವಿಯ ಹೆಸರನ್ನೇ ಎತ್ತಲಿಲ್ಲ.

ಹೋದ ಸಲದ ಜಾತ್ರೆಯಲ್ಲಿ ತಂಗಿಯೂ ಬಂದಿದ್ದಳು, ತನ್ನ ಮಕ್ಕಳನ್ನು ಕರಕೊಂಡು. ಆಕೆ ಈಗ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಆಕೆಯ ಕೂದಲು ದಟ್ಟವಾಗಿದೆ, ಎರಡು ಜಡೆ ಹಾಕುವಷ್ಟು. ಸುತ್ತ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ರೊಟ್ಟಿ, ಚಟ್ನಿ, ಮೊಸರು ಅಂತ ಕೂಗುತ್ತಿದ್ದರು. ನಾವು ಮನೆಯಿಂದ ತಂದ ಬುತ್ತಿ ಇಟ್ಟುಕೊಂಡು ಕುಂತಿದ್ದೆವು. ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಆ ಹೊತ್ತು ಕೇಳಿದೆ: ‘ಅವ್ವಾ, ಆವತ್ತು ಆ ಕನಸು ಖರೇನ ಬಿದ್ದಿತ್ತೇನು?’

ಅವ್ವ ನನ್ನ ಮುಖ ನೋಡಿದಳು. 1984ರ ಆ ಸಂಜೆ ನೋಡಿದ್ದಳಲ್ಲ, ಹಾಗೆಯೇ.

‘ಈಗ್ಯಾಕ ಬೇಕು ನಿನಗ ಅದು? ಬುತ್ತಿ ಬಿಚ್ಚು. ಹುಡುಗರಿಗೆ ಹಸಿವಾಗೈತಿ.’